ಡಾಕ್ಟರ ಪತ್ರಿಕೆ, ಹಲ್ಲಕ್ಕನ ಪೆನ್ಸಿಲ್

ನನ್ನ ಮೇಲಿನ ಸಾಲಿನ ಎರಡು ಹಲ್ಲು ಹಲ್ಲಕ್ಕ ಮಾಡಿಕೊಟ್ಟಂಥವು. ಹೀಗಾಗಿ ಆಕೆಯ ವಿಷಯದಲ್ಲಿ ನಾನು ಪಕ್ಷಪಾತಿ ಎಂದು ಯಾರಾದರೂ ಹೇಳಿದರೆ ಅಲ್ಲವೆನ್ನುವುದಿಲ್ಲ. ಆದರೆ ಮುಂದೆ ಹೇಳುವುದರಲ್ಲಿ ಅರ್ಧ ನಾನೇ ಕಣ್ಣಾರೆ ಓದಿದ್ದು. ಉಳಿದರ್ಧ ಆಕೆಯೇ ಹೇಳಿದ್ದು, ಅದೂ ನನ್ನ ಬಾಯಿಯೊಳಗೆ ಅಚ್ಚು ಕೂತಿದ್ದು ನಾನು ಎದುರಾಡಲಾಗದ ಹೊತ್ತಿನಲ್ಲಿ.

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆ ಆಕೆಯದು. ಒಂದು ಕಿಟಕಿ, ಉದ್ದನೆಯ ಮೇಜು, ಮೇಣ ಕರಗಿಸುವ ಸಣ್ಣ ದೀಪ, ಗೋಡೆಯುದ್ದಕ್ಕೂ ಊರಿನವರ ದವಡೆಗಳ ಪ್ಲಾಸ್ಟರ್ ಅಚ್ಚು. ಈಗಿನ ಡಾಕ್ಟರ ತಂದೆಯ ಕಾಲದಲ್ಲೇ ಕೆಲಸಕ್ಕೆ ಸೇರಿದವರು. ಡಾಕ್ಟರು ಹಾಲುಹಲ್ಲು ಬೀಳಿಸಿಕೊಂಡು ಓಡಾಡುತ್ತಿದ್ದಾಗಲೂ ಇದೇ ಸ್ಟೂಲಿನ ಮೇಲೆ ಕೂತು ಯಾರಿಗೋ ಕಟ್ಟುಹಲ್ಲು ಮಾಡುತ್ತಿದ್ದರು. ನಿಜವಾದ ಹೆಸರಿನಿಂದ ಅವರನ್ನು ಕರೆಯುತ್ತಿದ್ದದ್ದು ಪೋಸ್ಟ್‌ಮನ್ ಒಬ್ಬನೇ.

ಹಲ್ಲಕ್ಕ ಗಿಟಾರ್ ಕಲಿತದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಪಕ್ಕದ ಮನೆಯ ಅಕ್ಕನಿಂದ. ಆ ಅಕ್ಕ ಮದುವೆಯಾಗಿ ಹೋಗುವಾಗ ಬಿಟ್ಟುಹೋದ ಪ್ಲೈವುಡ್ ಗಿಟಾರೇ ಇವತ್ತಿಗೂ ಹಲ್ಲಕ್ಕನ ಕೈಯಲ್ಲಿರುವುದು. ಒಮ್ಮೆ ಅದರ ಕತ್ತಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ ಒಡೆಯಿತು. ಹಲ್ಲಕ್ಕ ಕಟ್ಟುಹಲ್ಲಿನ ವಸಡು ಮಾಡುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಇನ್ನೊಂದು ಕಡೆದು ಕೂರಿಸಿದರು. "ನಿನ್ನ ಗಿಟಾರ್ ನನ್ನ ನೋಡಿ ನಗುತ್ತೆ ಕಣೇ" ಎಂದು ಸಿಟಿ ಬಸ್ಸಿನ ಡ್ರೈವರಾದ ಗಂಡ ಹೇಳುತ್ತಿದ್ದರು. ಹಲ್ಲಕ್ಕ ಅದನ್ನು ದೂರು ಎಂದು ತೆಗೆದುಕೊಳ್ಳಲಿಲ್ಲ.

ಡಾಕ್ಟರಿಗೆ ಗಿಟಾರಿನ ಹುಚ್ಚು ಹಿಡಿದದ್ದು ನಲವತ್ತು ದಾಟಿದ ಮೇಲೆ. ನುಡಿಸುವ ಹುಚ್ಚಲ್ಲ, ಇಟ್ಟುಕೊಳ್ಳುವ ಹುಚ್ಚು. ಹಳೆಯದೊಂದನ್ನು ಹರಾಜಿನಲ್ಲಿ ಹಿಡಿದು, ಮಹಡಿಯ ಮನೆಯಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೊಂದು ದೀಪ ಹಾಕಿಸಿ ನಿಲ್ಲಿಸಿದರು. ಅದರ ಬೆನ್ನಿಗೇ ಒಂದು ಪತ್ರಿಕೆಗೆ ಚಂದಾದಾರರಾದರು. ಸಂಗ್ರಹಯೋಗ್ಯ ವಾದ್ಯಗಳಿಗಾಗಿಯೇ ಇದ್ದ ಪತ್ರಿಕೆ ಅದು, ಮೂರು ತಿಂಗಳಿಗೊಮ್ಮೆ ಬರುತ್ತಿತ್ತು. ನೆಲಕ್ಕೆ ಹಾಸುವ ಟೈಲ್ಸಿನಷ್ಟು ಭಾರ. ಮೊದಲ ಮೂವತ್ತು ಪುಟ ಕೈಗಡಿಯಾರದ ಜಾಹೀರಾತು. ಆಮೇಲೊಂದು ಪುಟಕ್ಕೆ ಸೆಂಟು ಹಚ್ಚಿರುತ್ತಿದ್ದರು, ಅದನ್ನು ತೆರೆದರೆ ಕ್ಲಿನಿಕ್ಕಿನ ಔಷಧಿ ವಾಸನೆಯೂ ಸ್ವಲ್ಪ ಹೊತ್ತು ತೆಪ್ಪಗಾಗುತ್ತಿತ್ತು. ಅದು ದಾಟಿದರೆ ಗಿಟಾರುಗಳು. ಒಂದೊಂದನ್ನೂ ಚರ್ಮದ ಕುರ್ಚಿಗೆ ಒರಗಿಸಿ, ಪಕ್ಕದಲ್ಲೊಂದು ನಾಯಿ ಕೂರಿಸಿ ಫೋಟೋ ತೆಗೆದಿರುತ್ತಿದ್ದರು. ನುಡಿಸುವವರು ಯಾವ ಫೋಟೋದಲ್ಲೂ ಇರುತ್ತಿರಲಿಲ್ಲ.

ಓದಿ ಮುಗಿದ ಸಂಚಿಕೆಗಳನ್ನು ಡಾಕ್ಟರು ರೋಗಿಗಳು ಕಾಯುವ ಕೋಣೆಯಲ್ಲಿ ಇಡುತ್ತಿದ್ದರು. ಮಧ್ಯಾಹ್ನ ಕ್ಲಿನಿಕ್ ಮುಚ್ಚಿದಾಗ ಹಲ್ಲಕ್ಕ ಅಲ್ಲೇ ಕೂತು ಊಟ ಮಾಡುತ್ತಿದ್ದರು. ಒಂದು ದಿನ ಊಟ ಮುಗಿಸಿ ಪುಟ ತಿರುವುತ್ತಿದ್ದಾಗ, "ತಯಾರಾದ ದಿನದಿಂದ ಒಮ್ಮೆಯೂ ನುಡಿಸದ ಅಪರೂಪದ ವಾದ್ಯ" ಎಂಬ ಸಾಲು ಕಣ್ಣಿಗೆ ಬಿತ್ತು. ಪತ್ರಿಕೆ ಅದನ್ನು ಹೊಗಳಿಕೆಯಾಗಿ ಬರೆದಿತ್ತು. ಫೋಟೋ ನೋಡಿದರೆ ಮೂರನೇ ತಂತಿಯನ್ನು ಬಿರಡೆಗೆ ಉಲ್ಟಾ ಸುತ್ತಿದ್ದರು. ಹಲ್ಲಕ್ಕನಿಗೆ ತಡೆಯಲಾಗಲಿಲ್ಲ. ಅಚ್ಚಿನ ಮೇಲೆ ಗುರುತು ಹಾಕುವ ಪೆನ್ಸಿಲ್ ಕಿವಿಯ ಹಿಂದೆಯೇ ಇತ್ತು. ಅಂಚಿನಲ್ಲಿ ಬರೆದರು: "ಮೂರನೇ ತಂತಿ ಉಲ್ಟಾ. ನುಡಿಸದಿದ್ದರೆ ಇದು ಗಿಟಾರ್ ಅಲ್ಲ, ಕಪಾಟು."

ಮುಂದಿನ ವಾರ ಅದರ ಕೆಳಗೆ ಹಸಿರು ಇಂಕಿನಲ್ಲಿ ಉತ್ತರವಿತ್ತು: "ಕಪಾಟಾದರೂ ಎಷ್ಟು ಚೆಂದ ಇದೆ ನೋಡಿ. ನಮ್ಮಂಥವರಿಗೆ ಇಲ್ಲಿ ಬಿಟ್ಟರೆ ಇನ್ನೆಲ್ಲಿ ನೋಡಲು ಸಿಗುತ್ತೆ?"

ಹಲ್ಲಕ್ಕ ಊಟ ಅರ್ಧಕ್ಕೆ ನಿಲ್ಲಿಸಿ ಉತ್ತರ ಬರೆದರು.

ಹೀಗೆ ಒಂದೂವರೆ ವರ್ಷ ನಡೆಯಿತು. ನಾನೂ ಓದತೊಡಗಿದ್ದು ಆಗಲೇ. ಪತ್ರಿಕೆ ಬರೆಯುವುದೆಲ್ಲ ಒಣ ಜಂಭ, ಇದರಿಂದಾಗಿ ಒಳ್ಳೆಯ ವಾದ್ಯಗಳೆಲ್ಲ ಗಾಜಿನೊಳಗೆ ಸೇರಿ ಮೂಕವಾಗುತ್ತಿವೆ ಎಂಬುದು ಪೆನ್ಸಿಲ್ಲಿನ ವಾದ. ಹಾಗಾದರೂ ಮುರಿಯದೆ ಉಳಿದಿವೆಯಲ್ಲ, ನುಡಿಸಿ ನುಡಿಸಿ ನಾವು ಹಾಳುಮಾಡಿದ್ದೇನು ಕಡಿಮೆಯೇ ಎಂಬುದು ಹಸಿರು ಇಂಕಿನ ವಾದ. ಒಂದು ಸಂಚಿಕೆಯಲ್ಲಿ ಡಾಕ್ಟರ ಬಳಿಯಿದ್ದ ಜಾತಿಯ ಗಿಟಾರಿನ ಬಗ್ಗೆಯೇ ಲೇಖನ ಬಂತು. "ಇದರ ಕೆಳಸ್ವರ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ" ಎಂದಿತ್ತು. ಹಲ್ಲಕ್ಕ ಪಕ್ಕದಲ್ಲಿ, "ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ" ಎಂದು ಬರೆದರು. ನಡುವೆ ಒಮ್ಮೆ ಮೂರನೆಯವರ ಕೈಬರಹವೂ ಕಾಣಿಸಿಕೊಂಡಿತು: "ನಲವತ್ತನೇ ಪುಟದ ಸೋಫಾ ಎಲ್ಲಿ ಸಿಗುತ್ತದೆ?" ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಗುಟ್ಟು ರಟ್ಟಾದದ್ದು ಪತ್ರಿಕೆಯವರಿಂದಲೇ. ಚಂದಾದಾರರ ಸಂಗ್ರಹಗಳ ಪುಟಕ್ಕಾಗಿ ಡಾಕ್ಟರ ಗಿಟಾರಿನ ಫೋಟೋ ತೆಗೆಯಲು ಬರುತ್ತೇವೆಂದು ಅವರು ಬರೆದರು. ಫೋಟೋದಲ್ಲಿ ಪಕ್ಕಕ್ಕೆ ಜೋಡಿಸಿಡಲು ಹಳೆಯ ಸಂಚಿಕೆಗಳಿರಲಿ ಎಂದುಕೊಂಡು ಡಾಕ್ಟರು ಅವನ್ನೆಲ್ಲ ಒಟ್ಟುಮಾಡಿ ತೆರೆದರು. ಆ ಮಧ್ಯಾಹ್ನ ಒಬ್ಬ ರೋಗಿ ಬಾಯಿಗೆ ಹತ್ತಿ ತುಂಬಿಸಿಕೊಂಡು ಮುಕ್ಕಾಲು ಗಂಟೆ ಕುರ್ಚಿಯಲ್ಲೇ ಮಲಗಿದ್ದ. ಡಾಕ್ಟರು ಓದುತ್ತಿದ್ದರು.

ಆಮೇಲೆ ಹಿಂದಿನ ಕೋಣೆಗೆ ಬಂದರು. "ಅಕ್ಕಾ, ಇದೆಲ್ಲ ಯಾರು ಬರ್ದಿದ್ದು?"

"ಪೆನ್ಸಿಲ್ ನಂದು ಡಾಕ್ಟ್ರೇ. ಹಸಿರು ನಂದಲ್ಲ."

"ಸೋಫಾ?"

"ಸೋಫಾನೂ ನಂದಲ್ಲ."

ಡಾಕ್ಟರು ಆ ಪುಟವನ್ನು ಬೆಳಕಿಗೆ ಹಿಡಿದು ನೋಡಿದರು. "ಇದು ನನ್ನ ಹೆಂಡ್ತಿ ಅಕ್ಷರ" ಎಂದರು.

ಕೆಲಸ ಹೋಯಿತು ಎಂದೇ ಹಲ್ಲಕ್ಕ ಅಂದುಕೊಂಡಿದ್ದರು. ಮುಖದಲ್ಲಿ ಏನೂ ತೋರಿಸದೆ ಮೇಣ ಕೆರೆಯುತ್ತ ಕೂತರು. ಡಾಕ್ಟರು ಬಾಗಿಲವರೆಗೆ ಹೋದವರು ತಿರುಗಿ, "ಮೂವತ್ತೈದು ವರ್ಷದಿಂದ ನುಡಿಸ್ತೀನಿ ಅಂತ ಇದ್ರಲ್ಲಿ ಬರ್ದಿದೀರಿ. ನನ್ನ ಹತ್ರ ಒಂದಿನಾನೂ ಹೇಳ್ಲಿಲ್ವಲ್ಲ?" ಎಂದರು.

"ನೀವು ಕೇಳ್ಲಿಲ್ವಲ್ಲ."

"ಈಗ ಕೇಳ್ತಿದೀನಿ. ನನ್ನ ಗಿಟಾರ್ ಮೇಲೆ ಏನಾದ್ರೂ ಬರೆಯೋ ಹಾಗಿದ್ರೆ ಏನ್ ಬರೀತಿದ್ರಿ?"

"ನೋಡ್ದೆ ಹೇಗೆ ಹೇಳ್ಲಿ?"

ಮಹಡಿಗೆ ಹೋದರು. ಡಾಕ್ಟರು ಆಪರೇಷನ್ನಿಗೆ ಮುಂಚೆ ತೊಳೆಯುವ ಹಾಗೆ ಮೊಣಕೈವರೆಗೆ ಕೈ ತೊಳೆದು ಗಾಜಿನ ಬಾಗಿಲು ತೆರೆದರು. ಒಳಗಿನ ದೀಪ ಹಗಲೂ ರಾತ್ರಿ ಉರಿದು ಪೆಟ್ಟಿಗೆಯೊಳಗೆ ಬಿಸಿಲುಮಚ್ಚಿನಂಥ ಝಳವಿತ್ತು. ಹಲ್ಲಕ್ಕ ಗಿಟಾರನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಆಮೇಲೆ ಜೇಬಿನಿಂದ ನೀಲಿ ಕಾಗದದ ಪಟ್ಟಿಯೊಂದನ್ನು ತೆಗೆದರು. ಹಲ್ಲು ಸರಿಯಾಗಿ ಕಚ್ಚುತ್ತದೆಯೇ ನೋಡಲು ರೋಗಿಗಳ ಬಾಯಿಗೆ ಇಡುವ ತೆಳು ಕಾಗದ ಅದು. ತಂತಿಗಳ ಬುಡವನ್ನು ಹಿಡಿದಿರುವ ಮರದ ಪಟ್ಟಿಯ ಕೆಳಗೆ ಮೆಲ್ಲಗೆ ತೂರಿಸಿದರು. ಕಾಗದ ಅರ್ಧದವರೆಗೆ ಸಲೀಸಾಗಿ ಒಳಗೆ ಹೋಯಿತು.

"ಬ್ರಿಡ್ಜ್ ಎದ್ದಿದೆ ಡಾಕ್ಟ್ರೇ."

"ಯಾವ ಪೇಷೆಂಟ್‌ದು?"

"ನಿಮ್ದೇ."

ಗಿಟಾರಿನ ಆ ಪಟ್ಟಿಗೂ, ಅಕ್ಕಪಕ್ಕದ ಹಲ್ಲುಗಳಿಗೆ ಅಂಟಿಸಿ ಕೂರಿಸುವ ಕಟ್ಟುಹಲ್ಲಿಗೂ ಬ್ರಿಡ್ಜ್ ಎಂದೇ ಹೆಸರು. ಅರ್ಥವಾಗುತ್ತಿದ್ದಂತೆ ಡಾಕ್ಟರ ಮುಖ ಬಿಳಿಚಿಕೊಂಡಿತು. ಎದ್ದ ಬ್ರಿಡ್ಜನ್ನು ಹಾಗೇ ಬಿಟ್ಟರೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಮ್ ಸಿಮೆಂಟ್ ಹಾಕಿ ಕೂರಿಸಿದ್ರೆ?"

"ಅಯ್ಯೋ, ಬೇಡ. ದೀಪದ ಬಿಸಿಗೆ ಅಂಟು ಬಿಟ್ಟಿದೆ. ಹಳೇದನ್ನ ಬಿಡಿಸಿ, ಮರಗೆಲಸದವರ ಸರೇಸು ಹಾಕಿ ಅಂಟಿಸ್ಬೇಕು. ಎರಡು ದಿನ ಬಿಗಿಯಾಗಿ ಹಿಡಿದಿರ್ಬೇಕು. ನಾನು ಮಾಡ್ತೀನಿ."

ಆದರೆ ಪತ್ರಿಕೆಯ ಪ್ರಕಾರ ಮೂಲ ಅಂಟನ್ನು ಮುಟ್ಟುವುದು ಮಹಾಪರಾಧ. ಡಾಕ್ಟರಿಗೆ ಇನ್ನೊಬ್ಬರ ಅಭಿಪ್ರಾಯ ಬೇಕಾಯಿತು. ಹಲ್ಲಕ್ಕ ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಪುಸ್ತಕ ತೆರೆದು ಒಂದು ಹೆಸರಿನ ಮೇಲೆ ಬೆರಳಿಟ್ಟರು. ಲಿಫ್ಟ್ ಮೆಕ್ಯಾನಿಕ್ ಒಬ್ಬ ಎರಡು ವಾರಕ್ಕೊಮ್ಮೆ ಹಲ್ಲು ಜುಮ್ಮೆನ್ನುತ್ತದೆಂದು ಬರುತ್ತಿದ್ದ. ಅವನ ಹಲ್ಲಿನಲ್ಲಿ ಡಾಕ್ಟರಿಗೆ ಇದುವರೆಗೆ ಏನೂ ಸಿಕ್ಕಿರಲಿಲ್ಲ. ಹಸಿರು ಉತ್ತರಗಳು ಕಾಣಿಸಿಕೊಳ್ಳುತ್ತಿದ್ದದ್ದು ಮಾತ್ರ ಅವನು ಬಂದುಹೋದ ಮೇಲೆಯೇ.

ಮೆಕ್ಯಾನಿಕ್ ಬಂದ. ಅಂಗಿಯ ಜೇಬಿನಲ್ಲಿ ಹಸಿರು ಪೆನ್ನಿತ್ತು. ಗಿಟಾರಿನ ಮುಂದೆ ಚಪ್ಪಲಿ ಬಿಟ್ಟು ನಿಂತ.

"ಮುಟ್ಬೇಡಿ ಅಕ್ಕಾ" ಎಂದ. "ಒಂದ್ಸಲ ಬಿಚ್ಚಿದ್ರೆ ಅದು ಮೊದಲಿನ ಗಿಟಾರೇ ಅಲ್ಲ ಅಂತ ಪತ್ರಿಕೇಲೇ ಬರ್ದಿದೆ."

"ನೀನು ಲಿಫ್ಟಿನ ಹಗ್ಗ ಸವೆದ್ರೆ ಏನ್ಮಾಡ್ತೀಯಪ್ಪಾ?"

"ಬದಲಾಯಿಸ್ತೀನಿ."

"ಮೊದಲಿನ ಹಗ್ಗ ಅಂತ ಬಿಡಲ್ವಾ?"

"ಅದ್ರಲ್ಲಿ ಜನ ಹತ್ತುತಾರಕ್ಕಾ."

ಹಲ್ಲಕ್ಕ ಎದ್ದ ಬ್ರಿಡ್ಜಿನ ಕಡೆ ಬೆರಳು ತೋರಿಸಿದರು. ಮೆಕ್ಯಾನಿಕ್ ತಾನು ಹೇಳಿದ್ದನ್ನು ತಾನೇ ಕೇಳಿಸಿಕೊಂಡವನಂತೆ ಬಗ್ಗಿ ನೋಡಿ, "ಬಿಗಿಯೋಕೆ ನನ್ನ ಹತ್ರ ಒಳ್ಳೇ ಕ್ಲ್ಯಾಂಪ್ ಇದೆ" ಎಂದ.

ಮೂರು ದಿನ ಬಿಟ್ಟು ಹಿಂದಿನ ಕೋಣೆಯಲ್ಲಿ, ದವಡೆಗಳ ಎದುರು, ಹಲ್ಲಕ್ಕ ತಂತಿ ಏರಿಸಿ ಶ್ರುತಿ ಮಾಡಿದರು. ದಪ್ಪ ತಂತಿಯನ್ನು ಒಮ್ಮೆ ಮೀಟಿದರು. ಕೈ ಹಾಗೇ ನಿಂತಿತು. ಇನ್ನೊಮ್ಮೆ ಮೀಟಿದರು.

"ಹೇಗಿದೆ?" ಎಂದರು ಡಾಕ್ಟರು.

"ಎದೆಗೇ ತಾಗ್ತು" ಎಂದರು ಹಲ್ಲಕ್ಕ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ. ಎದ್ದುಹೋಗಿ ಆ ಸಂಚಿಕೆ ಹುಡುಕಿ, ಕಿವಿ ಪರೀಕ್ಷೆಯ ಸಾಲನ್ನು ರಬ್ಬರಿನಿಂದ ಅಳಿಸಿದರು. ಬೇರೆ ಯಾವ ಸಾಲನ್ನೂ ಅಳಿಸಲಿಲ್ಲ. ಮೆಕ್ಯಾನಿಕ್‌ಗೆ ಗಿಟಾರ್ ಕೊಟ್ಟರು. ಅವನು ನುಡಿಸಿದ್ದು ಎರಡೇ ನಿಮಿಷ. ಮುಗಿದ ಮೇಲೆ ಯಾರ ಕಡೆಯೂ ನೋಡದೆ ತನ್ನ ಕ್ಲ್ಯಾಂಪನ್ನು ಬಹಳ ಹೊತ್ತು ಒರೆಸಿದ.

ಪತ್ರಿಕೆಯವರು ಹೇಳಿದ ದಿನಕ್ಕೇ ಬಂದರು, ಒಬ್ಬ ಫೋಟೋಗ್ರಾಫರ್, ಒಬ್ಬಾಕೆ ಬರೆಯುವವರು. ನಾಯಿ ಇದೆಯೇ ಎಂದು ಕೇಳಿದರು. ಇರಲಿಲ್ಲ. ಆಮೇಲೆ ಬರೆಯುವಾಕೆ, "ಯಾರೂ ಮುಟ್ಟಿಲ್ಲ ಅಲ್ವಾ ಸರ್? ಎಲ್ಲ ಮೊದಲಿನ ಹಾಗೇ ಇದೆಯಲ್ಲ?" ಎಂದರು.

ನೋವಾಗುತ್ತದೆಯೇ ಎಂದು ಕೇಳುವ ರೋಗಿಗಳಿಗೂ ಡಾಕ್ಟರು ಸುಳ್ಳು ಹೇಳಿದವರಲ್ಲ. "ಇವ್ರು ಮುಟ್ಟಿದಾರೆ" ಎಂದು ಹಲ್ಲಕ್ಕನನ್ನು ತೋರಿಸಿದರು. "ಬ್ರಿಡ್ಜ್ ಎದ್ದಿತ್ತು, ಕೂರಿಸಿದ್ರು. ಈಗ ಚೆನ್ನಾಗಿ ನುಡಿಯುತ್ತೆ. ಕೇಳ್ತೀರಾ?"

ಬರೆಯುವಾಕೆ ತುಂಬ ವಿನಯದಿಂದ ಸಮಯವಿಲ್ಲ ಎಂದರು. ಕ್ಯಾಮೆರಾ ಚೀಲದಿಂದ ಹೊರಗೇ ಬರಲಿಲ್ಲ. ಹೊರಡುವಾಗ ಫೋಟೋಗ್ರಾಫರ್ ಮಾತ್ರ ಹಿಂದೆ ಉಳಿದು, ತನ್ನ ಕಡೆಯ ದವಡೆಹಲ್ಲು ತೋರಿಸಿ, ಇದನ್ನು ತೆಗೆಸಬೇಕೇ ಎಂದು ಕೇಳಿದ. ತೆಗೆಸಬೇಕಿತ್ತು.

ಡಾಕ್ಟರಿಗೆ ಬೇಸರವಾಗಲಿಲ್ಲವೆಂದಲ್ಲ. ಒಂದು ವಾರ ಮುಖ ಸಪ್ಪಗೆ ಮಾಡಿಕೊಂಡೇ ಓಡಾಡಿದರು. ಆಮೇಲೆ ಗಾಜಿನ ಪೆಟ್ಟಿಗೆಯ ದೀಪ ತೆಗೆಸಿದರು. ಗಿಟಾರ್ ಕೆಳಗೆ ಬಂತು. ಚಂದಾ ಮಾತ್ರ ನಿಲ್ಲಿಸಲಿಲ್ಲ, ರೋಗಿಗಳು ಬೇಜಾರು ಮಾಡಿಕೊಳ್ಳುತ್ತಾರೆ ಎಂದರು. ಆ ರೋಗಿಗಳಲ್ಲಿ ನಾನೂ ಒಬ್ಬ.

ಹಲ್ಲಕ್ಕನ ಗಂಡ ನಿವೃತ್ತರಾದದ್ದು ಮುಂದಿನ ವರ್ಷ. ಡಿಪೋದ ಶೆಡ್ಡಿನಲ್ಲಿ, ಎರಡು ಬಸ್ಸುಗಳನ್ನು ಪಕ್ಕಕ್ಕೆ ಸರಿಸಿ, ಬೀಳ್ಕೊಡುಗೆ ಇಟ್ಟಿದ್ದರು. ಹಲ್ಲಕ್ಕ ಡಾಕ್ಟರ ಗಿಟಾರನ್ನೇ ತಂದು ನಾಲ್ಕು ಹಾಡು ನುಡಿಸಿದರು. ಕಬ್ಬಿಣದ ತಗಡಿನ ಕೆಳಗೂ ಕೆಳಸ್ವರ ಚೆನ್ನಾಗಿ ಕೇಳುತ್ತಿತ್ತು. ಡಾಕ್ಟರು ವೇದಿಕೆಯ ಪಕ್ಕದಲ್ಲೇ, ಶಾಲೆಯ ಕಾರ್ಯಕ್ರಮಕ್ಕೆ ಬಂದ ಅಪ್ಪನ ಹಾಗೆ, ಉದ್ದಕ್ಕೂ ನಿಂತಿದ್ದರು. ಒಬ್ಬ ಕಂಡಕ್ಟರ್ ಅವರಿಗೆ ಕುರ್ಚಿ ತಂದುಕೊಟ್ಟು ವಿಚಾರಿಸಿದ.

"ನೀವು ಯಾರ ಕಡೆಯವ್ರು ಸರ್?"

"ಆ ಗಿಟಾರ್ ನಂದು."

"ಹೌದಾ? ಮತ್ತೆ ನೀವ್ಯಾಕೆ ನುಡಿಸ್ತಿಲ್ಲ?"

"ಕಲೀತಾ ಇದೀನಿ" ಎಂದರು ಡಾಕ್ಟರು. ಎಡಗೈ ಬೆರಳ ತುದಿಗಳನ್ನು ಕಂಡಕ್ಟರಿಗೆ ತೋರಿಸಿದರು. ತಂತಿ ಒತ್ತಿ ಒತ್ತಿ ನಾಲ್ಕರಲ್ಲಿ ಎರಡು ದಡ್ಡುಗಟ್ಟಿದ್ದವು.