ಎಂಟನೆಯ ಬೆಟ್ಟ

ಮಧುರೆ ಹೋಬಳಿಯಲ್ಲಿ ಚಿನ್ನಸ್ವಾಮಿಗೆ ಕೈ ಮುಗಿಯದವರಿಲ್ಲ, ಬಾರಯ್ಯ ಕಾಫಿ ಕುಡಿದು ಹೋಗು ಎಂದು ಒಳಗೆ ಕರೆಯುವವರೂ ಇಲ್ಲ. ವಾರದಲ್ಲಿ ಐದು ದಿನ ಆತ ದೊಡ್ಡಬಳ್ಳಾಪುರದ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ಶನಿವಾರ ಭಾನುವಾರ ಬಂತೆಂದರೆ ನೀಲಿ ಅಂಗಿ ಕಳಚಿ, ಬಿಳಿ ಪಂಚೆ ಉಟ್ಟು, ಏಕತಾರಿಯನ್ನು ಹೆಗಲಿಗೇರಿಸಿ ಸಾವಿನ ಮನೆಗಳಿಗೆ ಹಾಡಲು ಹೋಗುತ್ತಾನೆ. ಸಾವು ವಾರ ನೋಡಿಕೊಂಡು ಬರುವುದಿಲ್ಲ, ನಿಜ. ಸೋಮವಾರದ ಸಾವಿಗೆ ಬೇರೆಯವರು ಇದ್ದಾರೆ.

ಈ ಕೆಲಸದಲ್ಲಿ ಇರುವವನು ಯಾರನ್ನೂ "ಹುಷಾರಾಗಿದ್ದೀರಾ?" ಎಂದು ಕೇಳುವಂತಿಲ್ಲ. ಒಮ್ಮೆ ಬಾಯಿ ತಪ್ಪಿ ಹಾಲಿನ ಡೇರಿಯ ಸೆಕ್ರೆಟರಿಯನ್ನು ಕೇಳಿಬಿಟ್ಟಿದ್ದ. ಆ ಮನುಷ್ಯ ಮೂರು ದಿನ ಜ್ವರ ಹಿಡಿದು ಮಲಗಿದ. ಹೆಂಡತಿ ಲಕ್ಷ್ಮೀದೇವಮ್ಮನಂತೂ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾಳೆ: "ನಮ್ಮ ತವರಿಗೆ ನೀನು ಫೋನ್ ಮಾಡ್ಬೇಡ ಕಣಯ್ಯಾ. ನಿನ್ ನಂಬರ್ ಕಂಡ್ರೆ ನಮ್ಮಣ್ಣಂಗೆ ಬೆವರು ಬಿಡ್ತದೆ."

ಹಾಡು ಅಪ್ಪನಿಂದ ಬಂದದ್ದು. ಹಾಡಿನ ಜೊತೆ ಎರಡು ಕಟ್ಟಳೆಯೂ ಬಂದಿದ್ದವು. ಒಂದು, ಉಸಿರು ನಿಲ್ಲುವ ಮೊದಲು ಆ ಮನೆಯ ಹೊಸಲು ದಾಟಬಾರದು. ಎರಡು, ದೀಪ ಹಚ್ಚಿ ಕತೆ ಹಿಡಿದ ಮೇಲೆ ಮಂಗಳ ಹಾಡುವ ತನಕ ನಿಲ್ಲಿಸಬಾರದು. ಅಲ್ಲಿಯ ತನಕ ಯಾರಿಗಾಗಿ ಹಾಡುತ್ತಿದ್ದಾರೋ ಅವರ ಮೈಯನ್ನು ಯಾರೂ ಮುಟ್ಟಬಾರದು. ಇಪ್ಪತ್ತೆಂಟು ವರ್ಷ ಎರಡನ್ನೂ ಕಾಪಾಡಿಕೊಂಡು ಬಂದ ಚಿನ್ನಸ್ವಾಮಿ, ಆ ಶುಕ್ರವಾರ ಸಂಜೆ ಫೋನಿನಲ್ಲಿ ಒಂದು ಮಾತು ಕೇಳುವುದನ್ನು ಮರೆತ. ಜೀವ ಹೋಗಿ ಎಷ್ಟು ಹೊತ್ತಾಯಿತು? ಅಷ್ಟೇ. ಆ ಕಡೆಯವನು "ವೆಂಕಟರಾಯಪ್ಪನೋರ ಮನೆ, ಸೂಲಿಬೆಲೆ ದಾಟಿ ಬಲಕ್ಕೆ" ಎಂದ, ಈತ "ಆಯ್ತು ಬರ್ತೀನಿ" ಎಂದ.

ಶನಿವಾರ ಎರಡು ಬಸ್ಸು ಬದಲಿಸಿ ಇಳಿಯುವಾಗ ಬಿಸಿಲು ನೆತ್ತಿಯ ಮೇಲಿತ್ತು. ಮನೆ ಹುಡುಕಬೇಕಾಗಲಿಲ್ಲ. ಬೀದಿಗೆ ಅಡ್ಡಲಾಗಿ ಶಾಮಿಯಾನ, ಅದರಡಿ ಸಾಲು ಕುರ್ಚಿ, ಕುರ್ಚಿಯಲ್ಲಿ ತಲೆ ತಗ್ಗಿಸಿ ಮೊಬೈಲು ನೋಡುವ ನೆಂಟರು. ಕೊಟ್ಟಿಗೆಯ ಗೋಡೆಗೆ ಚಟ್ಟಕ್ಕೆಂದು ಆಗತಾನೆ ಕಡಿದ ಎರಡು ಹಸಿ ಬಿದಿರು ಒರಗಿಸಿದ್ದರು. ಎಲ್ಲ ಸರಿಯಾಗಿಯೇ ಇತ್ತು. ಹೊಸಲು ದಾಟಲು ಕಾಲೆತ್ತಿದಾಗ ಮೂಗಿಗೆ ಒಗ್ಗರಣೆಯ ವಾಸನೆ ಬಡಿಯಿತು.

ಚಿನ್ನಸ್ವಾಮಿ ಎತ್ತಿದ ಕಾಲು ಅಲ್ಲೇ ನಿಂತಿತು. ಹೆಣ ಎತ್ತುವ ತನಕ ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ.

"ಬನ್ನಿ ಚಿನ್ನಸ್ವಾಮಣ್ಣ, ಮೊದ್ಲು ಊಟ ಮಾಡಿ" ಎನ್ನುತ್ತ ಹೊರಬಂದವನು ಮಗ ಬೈರೇಶ್. ನಲವತ್ತೈದರ ಆಸುಪಾಸು, ಕಣ್ಣು ಕೆಂಡದಂತೆ ಕೆಂಪು.

"ದೇಹ ಎಲ್ಲಿ ಮಲಗ್ಸಿದ್ದೀರಪ್ಪಾ?"

"ಒಳಗೆ ರೂಮಲ್ಲಿ. ಇನ್ನೂ ಇದ್ದಾರೆ."

"ಇದ್ದಾರೆ ಅಂದ್ರೆ?"

"ಇದ್ದಾರೆ ಅಂದ್ರೆ ಇದ್ದಾರೆ ಕಣಣ್ಣ. ಡಾಕ್ಟ್ರು ಮನೆಗೆ ಕರ್ಕೊಂಡು ಹೋಗಿ, ಶನಿವಾರ ಮಧ್ಯಾಹ್ನ ದಾಟಲ್ಲ ಅಂದ್ರು. ಅದ್ಕೇ ಎಲ್ಲಾ ಹೇಳ್ಬಿಟ್ವಿ."

ಚಿನ್ನಸ್ವಾಮಿ ಏಕತಾರಿಯನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಬಸ್ ಸ್ಟಾಪಿನ ಕಡೆ ತಿರುಗಿದ. ಬೈರೇಶ್ ಓಡಿಬಂದು ಕೈ ಹಿಡಿದುಕೊಂಡ. ಇಪ್ಪತ್ತು ದಿನದಿಂದ ಅಪ್ಪನ ಮಲಮೂತ್ರ ಬಳಿದ ಕೈ ಅದು. ತಗ್ಗಿದ ದನಿಯಲ್ಲಿ ಆತ ಹೇಳಿದ್ದು ಇಷ್ಟು. ಭಾನುವಾರ ಸಂಜೆ ಐದು ನಲವತ್ತಕ್ಕೆ ಪಂಚಕ ಹತ್ತುತ್ತದೆ. ಆ ಕೆಟ್ಟ ನಕ್ಷತ್ರದಲ್ಲಿ ಜೀವ ಹೋದರೆ ಆರು ತಿಂಗಳು ಮನೆ ಬಾಗಿಲು ಹಾಕಬೇಕು, ಶುಭಕಾರ್ಯ ಕೂಡದು. ಮಗಳು ಚೈತ್ರಳ ಮದುವೆಗೆ ಇನ್ನು ಇಪ್ಪತ್ತಾರು ದಿನ. ಗಂಡಿನ ಕಡೆಯವರು ಈಗಲೇ ಮುಖ ಗಂಟು ಹಾಕಿಕೊಂಡಿದ್ದಾರೆ.

"ಹಾಡು ಕಿವಿಗೆ ಬಿದ್ರೆ ಎಳೆದಾಡೋ ಜೀವ ಸುಸೂತ್ರವಾಗಿ ಹೋಗ್ತದಂತೆ. ಒಂದ್ ಪುಣ್ಯ ಕಟ್ಕೊಳ್ಳಿ ಅಣ್ಣ."

ಹೊಸಲು ದಾಟಬಾರದಿತ್ತು. ದಾಟಿದ.

ಕೋಣೆಯಲ್ಲಿ ಮಂಚ, ಮಂಚದ ಪಕ್ಕ ಆಳೆತ್ತರದ ಆಕ್ಸಿಜನ್ ಸಿಲಿಂಡರ್, ಅದರ ತಲೆಯ ಮೇಲೆ ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಒಂದು ಮುಳ್ಳಿನ ಡಬ್ಬಿ. ವೆಂಕಟರಾಯಪ್ಪ ಮಾಸ್ಕಿನೊಳಗೆ ಉಸಿರು ಎಳೆಯುತ್ತ ಮಲಗಿದ್ದರು, ಒಣಗಿದ ರಾಗಿ ಕಡ್ಡಿಯ ಹಾಗೆ. ಶ್ರುತಿ ನೋಡಲೆಂದು ಚಿನ್ನಸ್ವಾಮಿ ತಂತಿ ಮೀಟಿದ. ಮುದುಕರ ತೋರುಬೆರಳು ಹೊದಿಕೆಯ ಮೇಲೆ ತಾಳ ಹಾಕಿತು. ಕಣ್ಣು ತೆರೆಯಿತು. ಅವರು ಮಾಸ್ಕನ್ನು ಒಂದಿಷ್ಟು ಸರಿಸಿ, ಕಿಟಕಿಯಾಚೆ ಕಾಣುವ ಶಾಮಿಯಾನ ನೋಡಿ ಕೇಳಿದರು:

"ಯಾರಪ್ಪಾ ಸತ್ತಿದ್ದು?"

ಚಿನ್ನಸ್ವಾಮಿ ತಂತಿಯ ಕಡೆ ನೋಡುತ್ತ ಹೇಳಿದ: "ಯಾರೂ ಇಲ್ಲ ಯಜಮಾನ್ರೆ. ಮೊಮ್ಮಗಳ ಮದ್ವೆ ಅಲ್ವಾ, ಚಪ್ರ."

"ಹಂಗಾ. ಏಳು ಬೆಟ್ಟದ ಕತೆ ಗೊತ್ತಾ ನಿಂಗೆ?"

"ಗೊತ್ತು."

"ನಾಳೆ ಹಾಡು. ಅರ್ಧಕ್ಕೆ ಬಿಡ್ಬೇಡ. ನಾನು ಪೂರ್ತಿ ಕೇಳ್ಬೇಕು." ಅಷ್ಟು ಹೇಳಿ ಮಾಸ್ಕನ್ನು ತಾವೇ ಮೂಗಿಗೆ ಎಳೆದುಕೊಂಡರು. ಸಾಯಲು ಸಿದ್ಧನಾದವನು ಮಾಸ್ಕ್ ಎಳೆದುಕೊಳ್ಳುವ ರೀತಿ ಅದಲ್ಲ.

ಆ ಶನಿವಾರ ಚಿನ್ನಸ್ವಾಮಿ ನಾಲ್ಕು ಭಜನೆ ಹಾಡಿ ಜಗಲಿಯಲ್ಲಿ ಮಲಗಿದ. ಜೀವ ಹೋಗಲಿಲ್ಲ. ಭಾನುವಾರ ಬೆಳಗ್ಗೆ ನೆಂಟರು ಉಪ್ಪಿಟ್ಟು ತಿಂದು, ಹೊತ್ತು ಹೋಗದೆ, ರೇಷ್ಮೆ ರೇಟು ಜಮೀನು ರೇಟು ಮಾತಾಡಿದರು. ಬಂದ ಪ್ರತಿಯೊಬ್ಬರೂ ಕೋಣೆಗೆ ಇಣುಕಿ, ಎದೆ ಏರಿಳಿಯುವುದನ್ನು ನೋಡಿ, ತಪ್ಪು ಮಾಡಿದವರಂತೆ ಹಿಂದಕ್ಕೆ ಸರಿಯುತ್ತಿದ್ದರು. "ಗಟ್ಟಿ ಜೀವ" ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಗಡಿಯಾರ ನೋಡುತ್ತಿದ್ದರು.

ಒಂದು ಗಂಟೆಗೆ ಬೈರೇಶ್ ಬಂದು ಪಕ್ಕ ಕುಳಿತ. ಮುಖ ನೋಡದೆ ಹೇಳಿದ: "ಅಣ್ಣ, ಈಗ ಕತೆ ಹಿಡೀರಿ. ನಾಲ್ಕೂವರೆಗೆ ಮಂಗಳ ಹಾಡ್ಬಿಡಿ. ಮಂಗಳ ಆಗ್ತಿದ್ದಂಗೆ ಎಲ್ರೂ ಒಂದೊಂದ್ ಚಮಚ ತುಳಸಿ ನೀರು ಬಿಟ್ಟು... ಆ ಮಾಸ್ಕ್ ತೆಗೆದ್ಬಿಡ್ತೀವಿ."

"ತೆಗೆದ್ರೆ?"

"ಅರ್ಧ ಗಂಟೆ ಅಂತೆ."

ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಚೈತ್ರ, "ಮದ್ವೆ ಮುಂದಕ್ಕೆ ಹೋದ್ರೆ ಹೋಗ್ಲಿ ಬಿಡಪ್ಪಾ" ಎಂದಳು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ, ಅಥವಾ ಎಲ್ಲರೂ ಕೇಳಿಸಿಕೊಂಡು ಕಾಫಿ ತೆಗೆದುಕೊಂಡರು.

ದೀಪ ಹಚ್ಚಿದರು. ಒಂದು ಕೈಯಲ್ಲಿ ಏಕತಾರಿ, ಇನ್ನೊಂದರಲ್ಲಿ ಚಿಟಿಕೆ. ಚಿನ್ನಸ್ವಾಮಿ ಕತೆ ಹಿಡಿದ.

ಕತೆ ಇಷ್ಟೇ. ಒಬ್ಬ ರೈತನ ಜೋಡೆತ್ತಿನಲ್ಲಿ ಕರಿಯ ಎಂಬುದು ತಪ್ಪಿಸಿಕೊಳ್ಳುತ್ತದೆ. ಒಂಟಿ ಎತ್ತಿಗೆ ನೊಗ ಹೂಡಲಾಗುವುದಿಲ್ಲವಲ್ಲ, ರೈತ ಹುಡುಕಿ ಹೊರಡುತ್ತಾನೆ. ಏಳು ಬೆಟ್ಟ ಹತ್ತಿ ಇಳಿಯುತ್ತಾನೆ. ಏಳನೆಯ ಬೆಟ್ಟದ ಬುಡದಲ್ಲಿ ಕರಿಯ ನಿಂತಿರುತ್ತದೆ. ಅದರ ಹಿಂದೆ ಹೋದವನು ಮತ್ತೆ ಊರಿಗೆ ಬರುವುದಿಲ್ಲ. ಅಲ್ಲಿಗೆ ಮಂಗಳ.

ಮೊದಲ ಬೆಟ್ಟದಲ್ಲಿ ಕುರಿಗಾಹಿ ಸಿಕ್ಕ, ಎರಡನೆಯದರಲ್ಲಿ ಬಳೆಗಾರ. ಮೂರು ಮುಗಿಯುವಾಗ ನೆಂಟರೆಲ್ಲ ಕೋಣೆಯೊಳಗೂ ಬಾಗಿಲಲ್ಲೂ ಸೇರಿದ್ದರು. ವೆಂಕಟರಾಯಪ್ಪನವರ ಬೆರಳು ಹೊದಿಕೆಯ ಮೇಲೆ ಆಡುತ್ತಲೇ ಇತ್ತು. ತಲೆದಿಂಬಿನ ಬಳಿ ಅವರ ತಂಗಿ ಅಕ್ಕಯಮ್ಮ ಕುಳಿತಿದ್ದಳು. ಆವತಿಗೆ ಕೊಟ್ಟ ಹೆಣ್ಣು, ಎಂಬತ್ತರ ಹತ್ತಿರ, ಹಲ್ಲಿಲ್ಲದ ಬಾಯಲ್ಲಿ ಕುಟ್ಟಿದ ಎಲೆಅಡಿಕೆ. ಚಿನ್ನಸ್ವಾಮಿಯ ಅಪ್ಪ ಇದೇ ಕತೆ ಹಾಡುವುದನ್ನು ಆಕೆ ನಾಲ್ಕಾರು ಸಲ ಕೇಳಿದ್ದಳು. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ.

ನಾಲ್ಕು ಹದಿನೈದಕ್ಕೆ ಏಳನೆಯ ಬೆಟ್ಟದ ನೆತ್ತಿ ಬಂತು. ಬೈರೇಶ್ ತುಳಸಿ ನೀರಿನ ತಂಬಿಗೆ ಹಿಡಿದು ಎದ್ದು ನಿಂತ. ನೆಂಟರು ಸಾಲು ಕಟ್ಟಿದರು, ಪ್ರಸಾದಕ್ಕೆ ನಿಂತ ಹಾಗೆ. ಮುದುಕರು ಕಣ್ಣು ತೆರೆದರು. ಸಾಲನ್ನು ನೋಡಿದರು, ತಂಬಿಗೆಯನ್ನು ನೋಡಿದರು, ಆಮೇಲೆ ಚಿನ್ನಸ್ವಾಮಿಯನ್ನು. ಬೆರಳು ನಿಂತಿತು.

ಇನ್ನು ಹಾಡಬೇಕಾದದ್ದು ಇಳಿಜಾರು ಮತ್ತು ಎತ್ತು. ಚಿನ್ನಸ್ವಾಮಿ ಬಾಯಿ ತೆರೆದ. ಬಂದದ್ದು ಬೇರೆ.

"ಏಳರಾಚೆ ಮಂಜು ಹಾಸಿ, ಮಂಜಿನಾಚೆ ಅಣ್ಣಾ, ಎಂಟನೇ ಬೆಟ್ಟ ಎದ್ದು ನಿಂತೈತೆ..."

ಸಾಲಿನಲ್ಲಿ ಗುಸುಗುಸು ಎದ್ದಿತು. "ಏಳೇ ಅಲ್ವೇನ್ರೀ?" ಎಂದಿತು ಒಂದು ದನಿ. ಎಲ್ಲರ ಕಣ್ಣೂ ಅಕ್ಕಯಮ್ಮನ ಕಡೆ ಹೊರಳಿದವು. ಬೈರೇಶ್ ಕೇಳಿಯೇಬಿಟ್ಟ: "ಅತ್ತೆ, ನಿಂಗೆ ಗೊತ್ತಲ್ಲ, ಎಷ್ಟು ಬೆಟ್ಟ?"

ಚಿನ್ನಸ್ವಾಮಿ ಹಾಡು ನಿಲ್ಲಿಸುವಂತಿಲ್ಲ. ಅಕ್ಕಯಮ್ಮ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ನಿಧಾನವಾಗಿ ಹೊರಳಿಸಿದಳು. ಅಣ್ಣನ ಮುಖ ನೋಡಿದಳು.

"ನಮ್ ಆವತಿ ಕಡೆ ಒಂಬತ್ತು" ಎಂದಳು.

ಎಂಟನೆಯ ಬೆಟ್ಟಕ್ಕೆ ಕುರಿಗಾಹಿಯಿಲ್ಲ, ಬಳೆಗಾರನಿಲ್ಲ. ಅಪ್ಪ ಅಲ್ಲಿಗೆ ಹೋಗಿರಲಿಲ್ಲ. ಚಿನ್ನಸ್ವಾಮಿ ಕಂಡಕಂಡದ್ದನ್ನೆಲ್ಲ ಅದರ ಮೇಲೆ ಹತ್ತಿಸಿದ. ಕಾರ್ಖಾನೆಯ ಗೇಟು ಹತ್ತಿಸಿದ, ಸೂಲಿಬೆಲೆಯ ಬಸ್ಸು ಹತ್ತಿಸಿದ, ಗೇಟಿನಲ್ಲಿ ಕಾವಲುಗಾರನೊಬ್ಬ ರೈತನನ್ನು ತಡೆದು "ಪಾಸ್ ಎಲ್ಲೈತೆ?" ಎಂದು ಕೇಳಿದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕು ಬಾಯಿ ಮುಚ್ಚಿಕೊಂಡರು. ಮುದುಕರ ಬೆರಳು ಮತ್ತೆ ಆಡತೊಡಗಿತು.

ಐದಾಯಿತು. ಐದೂ ಹತ್ತಾಯಿತು. ಬೈರೇಶ್ ಬಗ್ಗಿ ಕಿವಿಯಲ್ಲಿ ಹೇಳಿದ: "ಮುಗಿಸ್ತೀಯೋ ಇಲ್ವೋ?" ಅಲ್ಲಿಯ ತನಕ ಇದ್ದ ಅಣ್ಣ ಎಂಬ ಮಾತು ಬಿದ್ದುಹೋಗಿತ್ತು. ಹಾಡುವವನು ನಡುವೆ ಉತ್ತರ ಕೊಡುವಂತಿಲ್ಲ. ಚಿನ್ನಸ್ವಾಮಿ ಕಣ್ಣು ಮುಚ್ಚಿ ದನಿ ಏರಿಸಿದ. ಕಣ್ಣು ತೆರೆದಾಗ ಬೈರೇಶನ ಬೆರಳುಗಳು ಮಾಸ್ಕಿನ ಪಟ್ಟಿಯಿಂದ ಗೇಣು ದೂರದಲ್ಲಿದ್ದವು.

"ಲೇ ಬೈರೇಶ" ಎಂದಳು ಅಕ್ಕಯಮ್ಮ. ದನಿ ಜೋರಿರಲಿಲ್ಲ. "ಕತೆ ನಡೀತೈತೆ. ಕೈ ತೆಗಿ. ಪಂಚಕಕ್ಕೆ ಆರು ತಿಂಗ್ಳು ಬಾಗ್ಲು ಹಾಕ್ಬೇಕು. ಕತೆ ಮುರಿದ ಮನೆಗೆ ಎಷ್ಟು ತಿಂಗ್ಳು ಅಂತ ನಿಮ್ ಜೋಯಿಸ್ರನ್ನ ಕೇಳ್ಕೊಂಡ್ ಬಾ ಹೋಗು."

ಒಂದಕ್ಕೆ ಹೆದರುವವನು ಇನ್ನೊಂದಕ್ಕೂ ಹೆದರಲೇಬೇಕು. ಕೈ ಹಿಂದಕ್ಕೆ ಬಂತು. ತಂಬಿಗೆಯ ನೀರು ಮಾತ್ರ ತುಳುಕುತ್ತಲೇ ಇತ್ತು. ಆಮೇಲಿನ ಅರ್ಧ ಗಂಟೆ ಆ ಕೋಣೆಯಲ್ಲಿ ಎರಡೇ ಸದ್ದು, ಏಕತಾರಿಯದು ಮತ್ತು ಉಸಿರಿನದು. ಎರಡರಲ್ಲಿ ಯಾವುದು ಮೊದಲು ನಿಲ್ಲುತ್ತದೋ ಎಂದು ಎಲ್ಲರೂ ಕಾಯುತ್ತಿದ್ದರು.

ಬೈರೇಶನ ಜೇಬಿನಲ್ಲಿ ಅಲಾರಂ ಕೂಗಿತು. ಐದು ನಲವತ್ತು.

ಮೊದಲು ದನಿ ಎತ್ತಿದವಳು ಚೈತ್ರ: "ಅಪ್ಪಾ, ಸಿಲಿಂಡರ್ ಮುಳ್ಳು ಕೆಂಪಿಗೆ ಬಂದೈತೆ!"

ಆಗ ಆ ಮನೆ ಬದಲಾದದ್ದನ್ನು ನೀವು ನೋಡಬೇಕಿತ್ತು. ತಂಬಿಗೆ ನೆಲಕ್ಕೆ ಬಿತ್ತು. "ಕಾರ್ ತೆಗೀರೋ! ಸೂಲಿಬೆಲೆಗೆ ಹೋಗಿ ಸಿಲಿಂಡರ್ ತರ್ರೋ! ಒಂದಲ್ಲ, ಎರಡು!" ಎಂದು ಬೈರೇಶ್ ಅರಚಿದ. ತುಳಸಿ ನೀರಿಗೆ ಸಾಲು ನಿಂತವರೇ ಅಂಗಾಲು ತಿಕ್ಕಿದರು, ಬೀಸಣಿಗೆ ಬೀಸಿದರು, "ದೊಡ್ಡಪ್ಪಾ, ಉಸಿರು ಬಿಡ್ಬೇಡಿ, ಎಳ್ಕಳಿ, ಎಳ್ಕಳಿ" ಎಂದು ಕಿವಿಯಲ್ಲಿ ಕೂಗಿದರು. ಮೈ ಮುಟ್ಟಬಾರದೆಂಬ ಕಟ್ಟಳೆ ಯಾರಿಗೂ ನೆನಪಾಗಲಿಲ್ಲ. ಅಕ್ಕಯಮ್ಮನೂ ನೆನಪಿಸಲಿಲ್ಲ. ಆರೂಕಾಲಿಗೆ ಹೊಸ ಸಿಲಿಂಡರ್ ಬಂತು. ಮುಳ್ಳು ಮೇಲೇರಿತು. ವೆಂಕಟರಾಯಪ್ಪ ನಿದ್ದೆ ಹೋದರು.

ಚಿನ್ನಸ್ವಾಮಿ ಮಂಗಳ ಹಾಡದೆಯೇ ಏಕತಾರಿಗೆ ಚೀಲ ತೊಡಿಸಿದ. ಬದುಕಿನಲ್ಲಿ ಮೊದಲ ಸಲ. ಅಂಗಳದಲ್ಲಿ ಬೈರೇಶ್ ಅಡ್ಡ ಬಂದು ಕೈ ಮುಗಿದ. ಅಣ್ಣ ಎಂಬ ಮಾತು ಮರಳಿ ಬಂದಿತ್ತು.

"ಏನೋ ಅಂದ್ಬಿಟ್ಟೆ, ತಪ್ಪು ತಿಳ್ಕೋಬೇಡಿ ಅಣ್ಣ. ಶುಕ್ರವಾರ ಮಧ್ಯಾಹ್ನಕ್ಕೆ ಪಂಚಕ ಕಳೀತದೆ. ಅಲ್ಲೀವರ್ಗೂ ಹೆಂಗಾದ್ರೂ ಮಾಡಿ ಉಳಿಸ್ಕೋತೀವಿ. ಶನಿವಾರ ಬೆಳಗ್ಗೇನೇ ಬಂದ್ಬಿಡಿ. ಒಂಬತ್ತನೇ ಬೆಟ್ಟ ಒಂದು ಮುಗಿಸ್ಬಿಟ್ರೆ ಆಯ್ತು."

ಅವನ ಬೆನ್ನ ಹಿಂದೆ ಕೊಟ್ಟಿಗೆಯ ಬಳಿ ಯಾರೋ ಬಕೆಟ್ಟಿನಿಂದ ಹಸಿ ಬಿದಿರಿಗೆ ನೀರು ಚಿಮುಕಿಸುತ್ತಿದ್ದರು. ಒಣಗಿದರೆ ಸೀಳುತ್ತದಲ್ಲ, ಶನಿವಾರದ ತನಕ ಹಸಿಯಾಗಿಯೇ ಇರಬೇಕು.

ಬಸ್ ಸ್ಟಾಪಿನ ಕಲ್ಲಿನ ಮೇಲೆ ಅಕ್ಕಯಮ್ಮ ಆಗಲೇ ಬಂದು ಅವನಿಗಾಗಿ ಕಾದು ಕುಳಿತಿದ್ದಳು. ಎಲೆಅಡಿಕೆ ಉಗಿದು ಹೇಳಿದಳು: "ನಿಮ್ಮಪ್ಪ ಏಳಕ್ಕೇ ನಿಲ್ಲಿಸ್ತಿದ್ದ."

"ಗೊತ್ತು ತಾಯಿ."

"ಎಷ್ಟು ಅಂತ ಕೇಳ್ದಾಗ ಬಾಯಿಗೆ ಬಂದಿದ್ದು ಒಂಬತ್ತು. ಇಪ್ಪತ್ತು ಅಂದಿದ್ರೂ ನಡೀತಿತ್ತು, ನನ್ ಬುದ್ಧಿಗೆ ಹೊಳೀಲಿಲ್ಲ ನೋಡು." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇನ್ನು ಒಂದೇ ಬೆಟ್ಟ ಉಳ್ದಿರೋದು ಕಣಪ್ಪಾ. ಆಮೇಲೆ?"

ಬಸ್ಸು ಬಂತು. ಸಾವಿನ ಮನೆಯಿಂದ ಹೊರಡುವಾಗ "ಬರ್ತೀನಿ" ಎನ್ನಬಾರದೆಂದು ಕಲಿತ ಬಾಯಿ, ಯಾರೂ ಸಾಯದ ಈ ಊರಿನಲ್ಲೂ ಆ ಮಾತು ಆಡಲಿಲ್ಲ. ಚಿನ್ನಸ್ವಾಮಿ ಸುಮ್ಮನೆ ತಲೆಯಾಡಿಸಿ ಹತ್ತಿದ.

ದೇವನಹಳ್ಳಿ ಹತ್ತಿರವಾಗುವಾಗ ಬಡಗಣದಲ್ಲಿ ಬೆಟ್ಟಗಳ ಸಾಲು ಕಪ್ಪಗೆ ಕಂಡಿತು. ಐದು ದಿನ ಇದೆ, ಗೇಟಿನಲ್ಲಿ ಕುಳಿತು ಒಂಬತ್ತನೆಯ ಬೆಟ್ಟವನ್ನು ಉದ್ದ ಮಾಡಬೇಕು, ಎರಡು ಹಗಲು ಹತ್ತಿದರೂ ನೆತ್ತಿ ಸಿಗದಷ್ಟು ಉದ್ದ ಎಂದುಕೊಂಡ. ಕಿಟಕಿಗೆ ತಲೆ ಆನಿಸಿ ಮೊದಲ ಸಾಲು ಗುನುಗಲು ನೋಡಿದ. ಬಾಯಿಗೆ ಬಂದದ್ದು ಮಂಗಳದ ಸಾಲು. ಬೆಚ್ಚಿ ಅಂಗೈಯಿಂದ ಬಾಯಿ ಮುಚ್ಚಿಕೊಂಡ.