ಗೊಬೊಗೆ ವೇಳಾಪಟ್ಟಿ ಬರೆದ ನಿಶಿಗಾಕಿ

ಬಂದರು ಪಟ್ಟಣ ತಾಕಾಮಾತ್ಸುವಿನ ನಮ್ಮ ಕಟ್ಟಡದಲ್ಲಿ ನನ್ನ ನೆತ್ತಿಯ ಮೇಲಿನ ಮನೆ ನಿಶಿಗಾಕಿ ಅವರದು. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದವರು. ನಿವೃತ್ತರಾದ ಮರುದಿನ ಎದ್ದು ನೋಡಿದರೆ ಅವರ ಕೈಕೆಳಗೆ ಉಳಿದವರು ಇಬ್ಬರೇ: ಹೆಂಡತಿ ಫುಮಿಯೆ, ಮತ್ತು ಗೊಬೊ ಎಂಬ ಬೂದು ಬಣ್ಣದ ಗಂಡು ಬೆಕ್ಕು. ಫುಮಿಯೆ ಗಂಡನ ಮಾತು ಕೇಳುವವರಲ್ಲ. ಹಾಗಾಗಿ ಸುರಕ್ಷತೆಯ ಭಾರವೆಲ್ಲ ಗೊಬೊ ಮೇಲೆ ಬಿತ್ತು.

ವಾರದೊಳಗೆ ಫ್ರಿಜ್ಜಿನ ಬಾಗಿಲಿಗೆ ವೇಳಾಪಟ್ಟಿ ಅಂಟಿತು. ಏಳಕ್ಕೆ ಒಣ ಆಹಾರ, ಏಳೂಕಾಲಿಗೆ ಗರಿ ಕಟ್ಟಿದ ಕೋಲಿನ ಹಿಂದೆ ಓಟ, ಹತ್ತಕ್ಕೆ ಹಲ್ಲುಜ್ಜುವುದು. ಗೊಬೊ ಮಲಗುತ್ತಿದ್ದ ಕಿಟಕಿ ಪಕ್ಕದ ಎತ್ತರದ ಹಲಗೆ ‘ಬೀಳುವ ಅಪಾಯ’ವೆಂದು ತೆರವಾಯಿತು. ಅದು ಶೌಚಕ್ಕೆ ಹೋಗುವ ಮರಳಿನ ತೊಟ್ಟಿ, ತೊಳೆಯಲು ಅನುಕೂಲವೆಂದು, ಗಡಗಡಿಸುವ ವಾಷಿಂಗ್ ಮೆಷಿನ್ನಿನ ಪಕ್ಕಕ್ಕೆ ಹೋಯಿತು.

“ನೋಡಿ ತೊಕುನಾಗಾ-ಸಾನ್,” ಎಂದು ನಿಶಿಗಾಕಿ ನನ್ನನ್ನು ಕರೆದು ಪಟ್ಟಿ ತೋರಿಸಿದರು, “ನೂರಾ ಹನ್ನೆರಡು ದಿನ ಆಯ್ತು, ಒಂದೇ ಒಂದು ಅಪಘಾತ ಇಲ್ಲ!”

ಗೊಬೊ ಸೋಫಾದ ಅಡಿಯಿಂದ ಹೊರಗೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಫುಮಿಯೆ ಅವರ ಕೂಗು ನನ್ನ ಮನೆಗೇ ಕೇಳಿಸಿತು. ನಾನು ಮೇಲೆ ಓಡಿದೆ.

“ಏನ್ರೀ, ಎದ್ದಾಗಿಂದ ಗೊಬೊ ಆರು ಸಲ ತೊಟ್ಟೀಲಿ ಹೋಗಿ ಕೂತಿದೆ. ಒಂದು ಹನಿ ಬಿದ್ದಿಲ್ಲ, ಅಳ್ತಾ ಇದೆ!”

“ನಿನ್ನೆ ಮೂತ್ರ ಆಗಿದೆ ಕಣೇ. ಪಟ್ಟೀಲಿ ಗುರುತು ಹಾಕಿದೀನಿ.”

“ನೋಡಿ ಹಾಕಿದ್ರಾ?”

“ತೊಟ್ಟಿಗೆ ಹೋಗಿದ್ದು ನೋಡಿ ಹಾಕ್ದೆ.”

“ಹೋಗಿದ್ದು ಬೇರೆ, ಆಗಿದ್ದು ಬೇರೆ ಕಣ್ರೀ!”

ನಾನೇ ಕಾರು ತೆಗೆದೆ. ನಿಶಿಗಾಕಿ ಮನೆಯೊಳಗೆ ಹಾಕುವ ಚಪ್ಪಲಿಯಲ್ಲೇ ಬಂದರು. ಆದರೆ ಗೊಬೊನ ದಿನಚರಿ ಬರೆದಿಟ್ಟ ಫೈಲು ಮರೆಯಲಿಲ್ಲ.

ಪಶುವೈದ್ಯೆ ಮಿನಗಾವಾ ಗೊಬೊನ ಹೊಟ್ಟೆ ಒತ್ತಿದರು. “ಮೂತ್ರದ ದಾರಿ ಕಟ್ಕೊಂಡಿದೆ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಕಷ್ಟ ಇತ್ತು. ದಿನಕ್ಕೆ ಎಷ್ಟು ನೀರು ಕುಡಿಯತ್ತೆ?”

ನಿಶಿಗಾಕಿ ಫೈಲಿನ ಹಾಳೆ ತಿರುವಿದರು. ಮತ್ತೆ ತಿರುವಿದರು. ಹಲ್ಲಿಗೆ ಕಾಲಂ ಇತ್ತು, ಉಗುರಿಗಿತ್ತು, ಸೀನಿಗೂ ಇತ್ತು. ನೀರಿಗೆ ಇರಲಿಲ್ಲ.

ನಳಿಕೆ ಹಾಕಿ ಗೊಬೊನನ್ನು ಮೂರು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಮೊದಲ ದಿನ ನಿಶಿಗಾಕಿ ಬೆಂಚು ಬಿಟ್ಟು ಏಳಲಿಲ್ಲ. “ನಾನೇ ಕೊಂದುಬಿಡ್ತಿದ್ದೆ,” ಎಂದರು, ನನ್ನ ಮುಖ ನೋಡದೆ. ಅವರ ಬಾಯಲ್ಲಿ ಅಂಕಿಯೂ ಪಟ್ಟಿಯೂ ಇಲ್ಲದ ಮಾತು ನಾನು ಕೇಳಿದ್ದು ಅದೇ ಮೊದಲು.

ಮನೆಗೆ ಕಳಿಸುವಾಗ ವೈದ್ಯೆ ಹೇಳಿದರು: “ಒದ್ದೆ ಆಹಾರ ಕೊಡಿ. ಮೂರ್ನಾಲ್ಕು ಕಡೆ ನೀರಿಡಿ. ತೊಟ್ಟಿ ಸದ್ದಿಲ್ಲದ ಮೂಲೇಲಿರಲಿ, ಹಲಗೆ ವಾಪಸ್ ಹಾಕಿ. ಆಟ ಅದಕ್ಕೆ ಬೇಕಾದಾಗ ಆಡ್ಲಿ. ಉಳಿದ ಹೊತ್ತು ಅದರ ಪಾಡಿಗೆ ಬಿಟ್ಬಿಡಿ.”

“ಬಿಟ್ಬಿಡೋದು ಅಂದ್ರೆ ಎಷ್ಟು ನಿಮಿಷ, ಡಾಕ್ಟ್ರೇ?”

ಫುಮಿಯೆ ಗಂಡನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದರು.

ಗೊಬೊ ಈಗ ಹಲಗೆಯ ಮೇಲೆ ಗುಂಡಗೆ ಕೂತು ಬಂದರಿನ ಹದ್ದುಗಳನ್ನು ನೋಡುತ್ತದೆ. ಒಂದು ಮಧ್ಯಾಹ್ನ ತಾನಾಗಿಯೇ ಇಳಿದು ಬಂದು ನಿಶಿಗಾಕಿ ಅವರ ತೊಡೆ ಏರಿತಂತೆ. ಕಾಲು ಜೋಮು ಹಿಡಿದರೂ ಅವರು ಎರಡು ಗಂಟೆ ಅಲುಗಲಿಲ್ಲವಂತೆ.

ಕಳೆದ ತಿಂಗಳು ನಿವಾಸಿಗಳ ಸಭೆಯಲ್ಲಿ ಅವರು ‘ಬೆಕ್ಕನ್ನು ಅದರ ಪಾಡಿಗೆ ಬಿಡುವ ಕ್ರಮ’ದ ಬಗ್ಗೆ ನಲವತ್ತು ನಿಮಿಷ ಮಾತಾಡಿ, ಹದಿನೇಳು ಪುಟದ ಕೈಪಿಡಿ ಹಂಚಿದರು. ನನ್ನ ಮನೆಯಲ್ಲಿ ಬೆಕ್ಕಿಲ್ಲ. ನನಗೆ ಎರಡು ಪ್ರತಿ ಸಿಕ್ಕಿವೆ.