ಮಗ್ಗದ ಕುಣಿಯೊಳಗಿನ ಕನ್ನಡಿ

ನಾರಾಯಣಪೇಟೆಯ ವೀರಬಸಮ್ಮ ಮೊದಲೇ ಹಟಮಾರಿ. ಸಾಲದ್ದಕ್ಕೆ ಆ ವಾರ ಮಗ್ಗದ ಮೇಲೆ ಸಾವನ್ನೇ ಇಟ್ಟುಕೊಂಡು ಕೂತಿದ್ದಳು.

ನಿಜಾಮರು ಪಟ್ಟವೇರಿದ ನೆನಪಿಗೆ ಕಚೇರಿಯಲ್ಲಿ ತೂಗುಹಾಕಲೆಂದು ತಹಶೀಲ್ದಾರ ನೇಯಿಸುತ್ತಿದ್ದ ಹಳದಿ ರೇಷ್ಮೆಯ ಪರದೆ ಅದು. ನಡುವೆ ದುಂಡನೆಯ ಬಿಳಿ ಕುಲ್ಚಾ ರೊಟ್ಟಿಯ ಚಿತ್ರ, ಮೇಲೆ ತಲೆಗೆ ಸುತ್ತುವ ಜರಿಯ ರುಮಾಲು. ಎರಡೂ ನಿಜಾಮರ ರಾಜ್ಯದ ಗುರುತುಗಳು. ಗಂಡ ದೇವೇಂದ್ರಪ್ಪ ಅರ್ಧ ನೇಯ್ದು, ಜರಿ ತರಲು ಗದ್ವಾಲಕ್ಕೆ ಹೋದ. ಅಷ್ಟರಲ್ಲಿ ಪೊಲೀಸ್ ಆ್ಯಕ್ಷನ್ ಆಗಿ, ಭಾರತದ ಸೈನ್ಯ ನುಗ್ಗಿ ದಾರಿಗಳೆಲ್ಲ ಬಂದಾದವು, ತಹಶೀಲ್ದಾರ ಓಡಿಹೋದ. ಇಂಥ ಗುರುತು ಸಿಕ್ಕ ಮನೆಯವರನ್ನು ನಿಜಾಮರ ಕಡೆಯ ರಜಾಕಾರರೆಂದು ಹಿಡಿಯುತ್ತಾರಂತೆ ಎಂಬ ಸುದ್ದಿ ಓಣಿಗೆ ಬಂತು.

"ಕತ್ತರಿಸಿ ಒಲಿಗೆ ಹಾಕಕ್ಕಾ," ಎಂದ ಪಕ್ಕದ ಮನೆಯ ನೇಕಾರ ಎಂಕಪ್ಪ. ಆ ಪರದೆಯ ಕೆಲಸ ತನಗೆ ಸಿಗಲಿಲ್ಲವೆಂದು ಮಾತು ಬಿಟ್ಟಿದ್ದವನು ಅಂದು ತಾನಾಗಿ ಬಂದಿದ್ದ.

"ನೇಯ್ದಾಂವ ದಾರ್ಯಾಗ ಇದ್ದಾನ. ಅಂವ ಬರೂ ತನಕ ಕತ್ತರಿ ಹಚ್ಚಂಗಿಲ್ಲ."

ಹಾಗೆ ಕತ್ತರಿಸಿದರೆ ಹೋದವನ ಆಯುಷ್ಯವೂ ಅಲ್ಲಿಗೇ ಕತ್ತರಿಸುತ್ತದೆಂದು ನೇಕಾರರ ನಂಬಿಕೆ. ಅವಳಿಗಿದ್ದ ಒಂದೇ ಧೈರ್ಯವೆಂದರೆ, ಬುಟ್ಟಾದ ಚಿತ್ರ ಇರುವ ಬಟ್ಟೆಯನ್ನು ಮಗುಚಿ ನೇಯುತ್ತಾರೆ. ಮೇಲೆ ಕಾಣುವುದು ಬರೀ ದಾರದ ಸಿಕ್ಕು, ಚಿತ್ರವೆಲ್ಲ ಕೆಳಗೆ.

ಮಿಲಿಟರಿಯವರು ಬಂದೇ ಬಂದರು, ಉರ್ದು ಬಲ್ಲ ಎಂಕಪ್ಪನನ್ನೇ ಜೊತೆಗೆ ಎಳೆದುಕೊಂಡು. ಸುಬೇದಾರ ಮಗ್ಗ ತೋರಿಸಿ ಏನೆಂದು ಕೇಳಿದ.

"ಮದುವಿ ಸೀರಿರೀ," ಎಂದಳು. ಎಂಕಪ್ಪ ಅದನ್ನೇ ಉರ್ದುವಿನಲ್ಲಿ ಹೇಳಿದ.

ಸುಬೇದಾರ ದಾರಗಳನ್ನು ಸವರಿದ. ಆಮೇಲೆ ಮಗ್ಗದ ಕೆಳಗೆ ಕಾಲಿಳಿಬಿಡುವ ಕುಣಿಯತ್ತ ಬಗ್ಗತೊಡಗಿದ. ಚಿತ್ರ ನೆಟ್ಟಗೆ ಬರುತ್ತಿದೆಯೇ ಎಂದು ನೋಡಲು ಗಂಡ ಅಲ್ಲಿಟ್ಟಿದ್ದ ಕನ್ನಡಿಯನ್ನು ತೆಗೆಯುವುದೇ ಮರೆತಿದ್ದಳು ವೀರಬಸಮ್ಮ, ಪುಣ್ಯಾತಗಿತ್ತಿ. ಕುಲ್ಚಾ, ರುಮಾಲು ಎಲ್ಲ ಅದರೊಳಗೆ ಢಾಳಾಗಿ ಕಾಣುತ್ತಿದ್ದವು.

"ಹೆಂಗ ನೇಯ್ತಾರ ತೋರಿಸ್ತೀನಿ ಸಾಬ್," ಎಂದು ಉರ್ದುವಿನಲ್ಲಿ ಹೇಳುತ್ತ ಎಂಕಪ್ಪ ದಡಬಡಿಸಿ ಕುಣಿಗಿಳಿದು, ಬರಿಗಾಲನ್ನು ಕನ್ನಡಿಯ ಮೇಲೂರಿ ಕೂತ. ಗಾಜು ಒಡೆದ ಸದ್ದು ಅವನು ಅದೇ ಕ್ಷಣ ಎಸೆದ ಲಾಳಿಯ ಸದ್ದಿನಲ್ಲಿ ಮುಳುಗಿತು. ಅವನು ನಗುನಗುತ್ತಲೇ ಒಂದು ಗೆರೆ ನೇಯ್ದ. ಸುಬೇದಾರ ತಲೆದೂಗಿ ಹೊರಟುಹೋದ. ಎಂಕಪ್ಪ ಮೇಲೆದ್ದಾಗ ಕುಣಿಯ ಮಣ್ಣು ರಕ್ತದಿಂದ ಒದ್ದೆಯಾಗಿತ್ತು.

ದೇವೇಂದ್ರಪ್ಪ ಕೊನೆಗೊಂದು ಸಂಜೆ ಜೀವಂತ ಬಂದ. ನೀರು ಕೊಡುವ ಮೊದಲೇ ಅವಳು ಅವನ ಕೈಗೆ ಕತ್ತರಿ ಕೊಟ್ಟಳು. ಕತ್ತರಿಸಹೋದವನು ಬಟ್ಟೆಯ ಅಂಚಿನ ಮೇಲೆ ಬೆರಳಾಡಿಸಿ ನಿಂತುಬಿಟ್ಟ.

"ಈ ಕಡೀ ಗೆರಿ ನಂದಲ್ಲ. ಯಾರು ನೇಯ್ದಾರ?"

ವೀರಬಸಮ್ಮ ಪಕ್ಕದ ಮನೆಯತ್ತ ಕೈ ತೋರಿಸಿದಳು.

"ಅಂವ ಇನ್ನೂ ನೆಲಕ್ಕ ಕಾಲೂರವಲ್ಲ. ಕತ್ತರಿಸಿ, ಮೊದಲ ಅವನ ಮನೀಗೆ ಹೋಗಿ ಬರ್ರಿ."